ಬೆಂಕಿಪೊಟ್ಟಣ ಇಲ್ಲದ ಪಟ್ಟಿ

"ಅಪ್ಪ, ನೀನು ಹಿಂದೆ ಹಿಂದೆ ಬಾ. ಆದ್ರೆ ಮಾತಾಡ್ಬಾರ್ದು." ಹದಿಮೂರರ ಮಗಳು, ಹತ್ತರ ಮಗ ಸೇರಿ ಹಾಕಿದ ಷರತ್ತು ಇದು. ಜನವರಿಯ ಒಂದು ಶನಿವಾರ ಮೈಸೂರಿನಿಂದ ಪಾಂಡವಪುರದ ಹತ್ತಿರದ ನಮ್ಮಕ್ಕನ ತೋಟಕ್ಕೆ ಸೈಕಲ್ ತುಳಿಯುವುದು, ರಾತ್ರಿ ಟೆಂಟ್ ಹಾಕಿ ಮಲಗುವುದು, ಅಡುಗೆಯನ್ನೂ ತಾವೇ ಮಾಡಿಕೊಳ್ಳುವುದು ಅವರ ಯೋಜನೆ. ಸುಮಾರು 25 ಕಿ.ಮೀ. ದಾರಿ.

ಷರತ್ತನ್ನು ನಾನು ಮೊದಲ ದಿನವೇ ಮುರಿದೆ. ನಕ್ಷೆಯಲ್ಲಿ ಮಗ ಗೆರೆ ಎಳೆದದ್ದು ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲೆ. ಅದರ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕು, ಆಟೋಗಳನ್ನೇ ಬಿಡುತ್ತಿಲ್ಲ, ಇನ್ನು ಸೈಕಲ್ಲಿನ ಮಾತೆಲ್ಲಿ? ಗೆರೆ ಸರ್ವಿಸ್ ರಸ್ತೆಗೆ ಸರಿಯಿತು. ಹೆಲ್ಮೆಟ್, ಬ್ರೇಕು ಎರಡರ ಬಗ್ಗೆಯೂ ಹಟ ಹಿಡಿದೆ. ಮತ್ತೆ ಬಾಯಿ ಬಿಡಲಿಲ್ಲ.

ಮಗಳು ಸಾಮಾನನ್ನೆಲ್ಲ ಶಾಲೆಯ ಬ್ಯಾಗಿಗೆ ತುರುಕಿದಳು. ಬೀದಿಕೊನೆಯ ಹಳೇ ಪೇಪರ್ ಅಂಗಡಿಯ ತಕ್ಕಡಿಯಲ್ಲಿ ಇಟ್ಟರೆ 9 ಕೆ.ಜಿ.! ಬೆನ್ನಿಗೇರಿಸಿ ಕುಕ್ಕರಹಳ್ಳಿ ಕೆರೆಯ ಕಡೆ ಒಂದು ಸುತ್ತು ಹೋಗಿ ಬಂದವಳು ಹೆಗಲು ಉಜ್ಜಿಕೊಳ್ಳುತ್ತಾ ಎಲ್ಲವನ್ನೂ ನೆಲಕ್ಕೆ ಸುರಿದಳು. ಮೂರು ಕಥೆಪುಸ್ತಕ, ಕೇರಂ ಕಾಯಿ ಮನೆಯಲ್ಲೇ ಉಳಿದವು. ಒಂದು ಲೀಟರ್ ನೀರೆಂದರೆ ಒಂದು ಕೆ.ಜಿ. ಎಂದು ಮಗ ಲೆಕ್ಕ ಹಾಕಿದ. ತಲಾ ಎರಡು ಬಾಟಲಿ ಸಾಕು, ಶ್ರೀರಂಗಪಟ್ಟಣದಲ್ಲಿ ಮತ್ತೆ ತುಂಬಿಸಿಕೊಳ್ಳುವುದೆಂದು ತೀರ್ಮಾನವಾಯಿತು. ಉಳಿದ ಭಾರವನ್ನು ಕ್ಯಾರಿಯರ್‌ನ ಎರಡೂ ಬದಿಗೆ ಸಮವಾಗಿ, ಆದಷ್ಟು ಕೆಳಗೆ ಇಳಿಬಿಟ್ಟು, ಹಳೇ ಟ್ಯೂಬಿನ ಪಟ್ಟಿಯಿಂದ ಬಿಗಿದರು. ಸೈಕಲ್ ವಾಲಾಡುವುದು ನಿಂತಿತು.

ಪಟ್ಟಿಯಲ್ಲಿ ರವೆ, ಈರುಳ್ಳಿ, ಉಪ್ಪು ಇದ್ದವು. ಬೆಂಕಿಪೊಟ್ಟಣ ಇರಲಿಲ್ಲ. ಅದು ನನ್ನ ಕಣ್ಣಿಗೆ ಬಿದ್ದಿತ್ತು. ಒಂದನ್ನು ಸುಮ್ಮನೆ ಒಳಗೆ ತಳ್ಳಿಬಿಡಲು ಕೈ ತುರಿಸಿದ್ದು ಎಷ್ಟು ಸಲವೋ!

ಬೆಳಿಗ್ಗೆ ಆರೂವರೆಗೆ ಹೊರಟೆವು. ಕಿರಂಗೂರು ದಾಟಿದ ಮೇಲೆ ಮಗನ ಸೈಕಲ್ ಪಂಚರ್. ಹಿಂದಿನ ವಾರ ಸೈಕಲ್ ಶಾಪಿನಲ್ಲಿ ಅರ್ಧ ದಿನ ಕೂತು ಕಲಿತದ್ದು ಮಗಳ ನೆರವಿಗೆ ಬಂತು. ಉಪ್ಪಿಟ್ಟಿನ ಪಾತ್ರೆಗೇ ನೀರು ಹಾಕಿ, ಟ್ಯೂಬ್ ಅದ್ದಿ, ಗುಳ್ಳೆ ಏಳುವ ಜಾಗ ಹುಡುಕಿ ಪ್ಯಾಚ್ ಅಂಟಿಸಿದಳು. ಮುಕ್ಕಾಲು ಗಂಟೆ ಹಿಡಿಯಿತು. ನಾನು ಮರದಡಿ ಕೂತು ಕಬ್ಬಿನ ಗಾಡಿ ಎಣಿಸಿದೆ.

ಸಂಜೆ ಮೂರು ಕಲ್ಲಿಟ್ಟು ಪುಳ್ಳೆ ಜೋಡಿಸಿದ ಮೇಲೆ ಇಬ್ಬರೂ ಮುಖ ಮುಖ ನೋಡಿಕೊಂಡರು. ಅತ್ತೆಯನ್ನು ಕೇಳುವುದು ಅವಮಾನ! ಪಕ್ಕದ ಹೊಲದಾಚೆ ಆಲೆಮನೆಯ ಹೊಗೆ ಕಾಣುತ್ತಿತ್ತು. ಅಲ್ಲಿ ಬೆಂಕಿ ಕೇಳಲು ಹೋದವರು ಅರ್ಧ ಗಂಟೆಯಾದರೂ ಪತ್ತೆಯಿಲ್ಲ. ಕೊನೆಗೆ ಒಂದು ಬೆಂಕಿಪೊಟ್ಟಣ, ಮುತ್ತುಗದ ಎಲೆಯಲ್ಲಿ ಬಿಸಿ ಬೆಲ್ಲ ಹಿಡಿದು ಬಂದರು. ಒಣಗಿದ ಕಬ್ಬಿನ ಸಿಪ್ಪೆಯನ್ನೇ ಒಲೆಗೆ ಹಾಕಿ ಕಬ್ಬಿನ ಹಾಲು ಕುದಿಸುತ್ತಾರೆ ಎಂಬುದನ್ನು ಮಗ ಉಪ್ಪಿಟ್ಟು ಬೇಯುವವರೆಗೂ ವರ್ಣಿಸಿದ. ಬೆಂಕಿಪೊಟ್ಟಣವನ್ನು ನಾನೇ ಇಟ್ಟಿದ್ದರೆ ಅವರು ಆಲೆಮನೆಯ ಕಡೆ ತಲೆ ಹಾಕುತ್ತಿರಲಿಲ್ಲ.

ನಾನು ಕಲಿತದ್ದು ಇಷ್ಟು: ಮಕ್ಕಳ ತಪ್ಪುಗಳಲ್ಲಿ ಪ್ರಾಣಕ್ಕೆ ಕುತ್ತು ತರುವಂಥವು ಬೇರೆ, ಹೊಟ್ಟೆ ಹಸಿಸುವಂಥವು ಬೇರೆ. ಮೊದಲನೆಯದಕ್ಕೆ ಅಡ್ಡ ನಿಲ್ಲಲೇಬೇಕು. ಎರಡನೆಯದು ಅವರ ಪಾಲಿನದು. ನಿಮ್ಮ ಮಕ್ಕಳೂ ಇಂಥ ಪಟ್ಟಿ ಬರೆಯಲು ಕೂತರೆ ದಾರಿ ನೋಡಿ, ಬ್ರೇಕ್ ನೋಡಿ, ಹೆಲ್ಮೆಟ್ ನೋಡಿ. ಚೀಲದೊಳಗೆ ಮಾತ್ರ ಕೈ ಹಾಕಬೇಡಿ.