ಶುಶ್ರೂಷೆ ಮಾಡುವವರ ಬಳಲಿಕೆ

ರೋಗಿಯ ಬಳಲಿಕೆಯನ್ನು ನಾವೆಲ್ಲರೂ ಬಲ್ಲೆವು. ರೋಗಿಯನ್ನು ನೋಡುವವರ ಬಳಲಿಕೆಯನ್ನು ಗಮನಿಸುವವರು ಕೊಂಚವೇ. ನಮ್ಮ ಗ್ರಾಮಗಳ ಆಶಾ ಕಾರ್ಯಕರ್ತೆಯರನ್ನು ದೃಷ್ಟಾಂತವಾಗಿಟ್ಟುಕೊಂಡು ಇದನ್ನು ವಿಚಾರಿಸೋಣ.

೧. ಇದರ ಸ್ವಭಾವ. ದೇಹದ ದಣಿವು ಒಂದು ರಾತ್ರಿಯ ನಿದ್ರೆಯಿಂದ ಹೋಗುವದು. ಈ ಬಳಲಿಕೆಯಾದರೋ ಹಾಗೆ ಹೋಗದು. ೧೯೭೪ರಲ್ಲಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು ಅಮೇರಿಕದ ಉಚಿತ ಚಿಕಿತ್ಸಾಲಯಗಳಲ್ಲಿ ದುಡಿಯುವವರನ್ನು ಕುರಿತು ಬರೆದು, ಮನಸ್ಸಿಟ್ಟು ಸೇವೆಮಾಡುವವರೇ ಇದಕ್ಕೆ ಗುರಿಯಾಗುವರೆಂದು ತಿಳಿಸಿದರು. ಆದದರಿಂದ ಇದು ಮೈಗಳ್ಳತನವಲ್ಲ. ೨೦೧೯ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ರೋಗವೆಂದೆಣಿಸದೆ, ಕೆಲಸದಿಂದ ಹುಟ್ಟುವ ಅವಸ್ಥೆಯೆಂದು ವಿವರಿಸಿತು.

೨. ಇದರ ಗುರುತುಗಳು ಮೂರು. ಮನಸ್ಸಿನ ಬಲವು ಬತ್ತುವದು. ರೋಗಿಗಳ ಮೇಲಣ ಮಮತೆಯು ತಗ್ಗಿ ಮಾತು ಒರಟಾಗುವದು. ತಾನು ಮಾಡಿದ್ದೆಲ್ಲಾ ವ್ಯರ್ಥವೆಂದು ತೋರುವದು.

೩. ಇದರ ಕಾರಣಗಳು. ಆಶಾ ಯೋಜನೆಯು ೨೦೦೫ರಲ್ಲಿ ಆರಂಭವಾಯಿತು. ಸುಮಾರು ಸಾವಿರ ಜನರಿಗೆ ಒಬ್ಬ ಕಾರ್ಯಕರ್ತೆ. ಬಸುರಿಯರನ್ನು ಹೆರಿಗೆಗೆ ಕರಕೊಂಡು ಹೋಗುವದು, ಕೂಸುಗಳಿಗೆ ಚುಚ್ಚುಮದ್ದು ಹಾಕಿಸುವದು, ಕ್ಷಯರೋಗಿಗಳು ಮಾತ್ರೆ ನುಂಗುವಂತೆ ನೋಡುವದು, ಮನೆಮನೆಯ ಲೆಕ್ಕ ಬರೆಯುವದು, ಇವೆಲ್ಲಾ ಅವಳ ಮೇಲಿವೆ. ಅವಳು ಸ್ವಯಂಸೇವಕಿಯೆಂದು ಎಣಿಸಲ್ಪಡುವದರಿಂದ ಅವಳಿಗೆ ದೊರೆಯುವದು ಸಂಬಳವಲ್ಲ, ಗೌರವಧನವೂ ಪ್ರೋತ್ಸಾಹಧನವೂ ಮಾತ್ರ. ೨೦೨೦ರಲ್ಲಿ ಕೊರೋನಾ ವ್ಯಾಧಿಯ ಸಮೀಕ್ಷೆಗೆ ಹೋದಾಗ ಕೆಲವು ಕಡೆಗಳಲ್ಲಿ ಬೈಗುಳವನ್ನೂ ಏಟನ್ನೂ ತಿಂದರು. ೨೦೨೨ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಆಶಾ ಕಾರ್ಯಕರ್ತೆಯರನ್ನು ಸನ್ಮಾನಿಸಿತು. ಸನ್ಮಾನವು ಒಳ್ಳೇದೇ, ಆದರೆ ಅದರಿಂದ ಹೊರೆ ಇಳಿಯುವದಿಲ್ಲ.

೪. ಇದಕ್ಕೆ ಪರಿಹಾರ. ತಾಳ್ಮೆಯಿಂದಿರೆಂದು ಅವಳಿಗೆ ಬೋಧಿಸಿದರೆ ಸಾಲದು, ಭಾರವನ್ನೇ ತಗ್ಗಿಸಬೇಕು. ಹಣವನ್ನು ಕಾಲಕ್ಕೆ ಸರಿಯಾಗಿ ಕೊಡುವದೂ ಕೆಲಸಕ್ಕೆ ಮಿತಿ ಕಟ್ಟುವದೂ ಸರಕಾರದ ಪಾಲು. ನಮ್ಮ ಪಾಲು ಯಾವದೆಂದರೆ: ಚುಚ್ಚುಮದ್ದಿನ ದಿವಸ ಕರೆಯುವ ಮುಂಚೆಯೇ ಕೂಸನ್ನು ತರುವದು, ತುರ್ತಿಲ್ಲದೆ ರಾತ್ರಿಯಲ್ಲಿ ಅವಳ ಬಾಗಿಲು ತಟ್ಟದಿರುವದು, ತುರ್ತಿದ್ದರೆ ೧೦೮ಕ್ಕೆ ನಾವೇ ಕರೆಮಾಡಿ, ಅವಳೊಬ್ಬಳನ್ನೇ ಕಳುಹಿಸದೆ ಮನೆಯವರೂ ಜತೆಗೆ ಹೋಗುವದು. ಅವಳ ಮನೆಯವರು ಅಡಿಗೆ ನೀರಿನ ಕೆಲಸವನ್ನು ಹಂಚಿಕೊಳ್ಳತಕ್ಕದ್ದು. ನಿದ್ರೆ ಕೆಟ್ಟು, ಬಾಳೇ ಬೇಡವೆಂಬ ಯೋಚನೆ ಹುಟ್ಟಿದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ೧೪೪೧೬ಕ್ಕೆ ಕರೆಮಾಡಿದರೆ ಟೆಲಿ-ಮಾನಸ್‌ನವರು ಹಣವಿಲ್ಲದೆ ಕನ್ನಡದಲ್ಲಿಯೇ ಮಾತಾಡುವರು.

ವಿಚಾರಿಸತಕ್ಕ ಪ್ರಶ್ನೆಗಳು:
(ಅ) ದೇಹದ ದಣಿವಿಗೂ ಈ ಬಳಲಿಕೆಗೂ ಭೇದವೇನು?
(ಆ) ನಮ್ಮೂರಿನ ಕಾರ್ಯಕರ್ತೆಯು ಸಿಡುಕಿ ಮಾತಾಡಿದಾಗ ನಾವು ಅವಳನ್ನು ಮೊದಲು ಕೇಳತಕ್ಕದ್ದೇನು?
(ಇ) ಈ ವಾರ ಅವಳ ಯಾವ ಕೆಲಸವನ್ನು ನಾವು ಹೊರಬಹುದು?