ನೆಲದೊಳಗಿನ ಜೀವಿ: ಒಂದು ಕಲ್ಪನೆಯೂ ಹೊಲದ ಹೆಗ್ಗಣವೂ

ಪೈರು ತೆನೆಗಟ್ಟಿ ಬಲಿಯುವ ಕಾಲದಲ್ಲಿ ಬದುಗಳ ಮಗ್ಗುಲಿಗೆ ಹೊಸ ಮಣ್ಣಿನ ಗುಪ್ಪೆಗಳು ಏಳುವುದೂ, ಅವುಗಳ ಸುತ್ತಮುತ್ತ ಪೈರು ಬುಡದಲ್ಲಿ ಕತ್ತರಿಸಿ ಬಿದ್ದಿರುವುದೂ ಜಮೀನುಳ್ಳವರೆಲ್ಲರಿಗೂ ತಿಳಿದ ಸಂಗತಿಯಾಗಿದೆ. ನೆಲದ ಮೇಲಿನ ಶತ್ರುವು ಕಣ್ಣಿಗೆ ಬೀಳುವುದು. ನೆಲದೊಳಗಿನ ಶತ್ರುವಿನ ಜೀವನಕ್ರಮವನ್ನು ವಿಚಾರದಿಂದ ತಿಳಿಯಬೇಕಾಗುವುದು. ಆದುದರಿಂದ ಈ ಪಾಠದಲ್ಲಿ ಮೊದಲು ಬಿಲವಾಸಿಯಾದ ಒಂದು ಪ್ರಾಣಿಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಂಡು, ಅನಂತರ ಅದನ್ನು ನಮ್ಮ ಹೊಲದ ಹೆಗ್ಗಣದೊಡನೆ ಹೋಲಿಸಿ, ಕೊನೆಯಲ್ಲಿ ಗ್ರಾಮಸ್ಥರು ಮಾಡತಕ್ಕ ಕೆಲಸವನ್ನು ತಿಳಿಸಲಾಗುವುದು.

೧. ಕಲ್ಪಿತ ಪ್ರಾಣಿಯ ಲಕ್ಷಣಗಳು

ಮೊದಲನೆಯದು ಗಾತ್ರ. ಕಥೆಗಳಲ್ಲಿ ಆನೆಯಷ್ಟು ದೊಡ್ಡ ಪ್ರಾಣಿಗಳು ನೆಲವನ್ನು ಸೀಳಿಕೊಂಡು ಹೋಗಬಹುದು; ನಿಜವಾಗಿ ಹಾಗಾಗಲಾರದು. ದೇಹದ ದಪ್ಪವು ಎರಡರಷ್ಟಾದರೆ, ಅಷ್ಟೇ ಉದ್ದದ ಸುರಂಗಕ್ಕೆ ತೆಗೆಯಬೇಕಾದ ಮಣ್ಣು ನಾಲ್ಕರಷ್ಟಾಗುವುದು. ತೋಡುವ ಶ್ರಮಕ್ಕೆ ತಕ್ಕ ಆಹಾರವು ಆ ಸುರಂಗದಿಂದ ದೊರೆಯದಿದ್ದರೆ ಪ್ರಾಣಿಯು ಬದುಕದು. ಆದಕಾರಣ ನಮ್ಮ ಪ್ರಾಣಿಯು ಚಿಕ್ಕದಾಗಿಯೂ, ಉರುಟಾಗಿಯೂ, ಗಿಡ್ಡ ಕಾಲುಗಳೂ ಸಣ್ಣ ಕಿವಿಗಳೂ ಉಳ್ಳದ್ದಾಗಿಯೂ ಇರತಕ್ಕದ್ದು.

ಎರಡನೆಯದು ತೋಡುವ ಸಾಧನ. ಇದು ಉಗುರಾಗಿರಬಹುದು, ಹಲ್ಲಾಗಿರಬಹುದು. ಆಫ್ರಿಕದ ಪೂರ್ವಭಾಗದಲ್ಲಿ, ಕೆನ್ಯ, ಇಥಿಯೋಪಿಯ, ಸೊಮಾಲಿಯ ದೇಶಗಳಲ್ಲಿ, ಮೈಮೇಲೆ ಕೂದಲಿಲ್ಲದಂತೆ ತೋರುವ ಒಂದು ಜಾತಿಯ ಬಿಲದ ಇಲಿಯುಂಟು. ಅದು ಮುಂದಿನ ಬಾಚಿಹಲ್ಲುಗಳಿಂದಲೇ ಗಟ್ಟಿ ನೆಲವನ್ನು ಅಗೆಯುತ್ತದೆ. ತುಟಿಗಳು ಆ ಹಲ್ಲುಗಳ ಹಿಂದೆ ಮುಚ್ಚಿಕೊಳ್ಳುವುದರಿಂದ ಮಣ್ಣು ಬಾಯೊಳಕ್ಕೆ ಹೋಗುವುದಿಲ್ಲ. ಹಲ್ಲು ಸವೆದಷ್ಟೂ ಬೆಳೆಯುತ್ತಿರುವುದು.

ಮೂರನೆಯದು ಗಾಳಿ. ಮುಚ್ಚಿದ ಬಿಲದಲ್ಲಿ ಪ್ರಾಣವಾಯುವು ಕಡಿಮೆಯಾಗಿ ಇಂಗಾಲಾಮ್ಲವಾಯುವು ಹೆಚ್ಚುವುದು; ಇದನ್ನು ಸಹಿಸುವ ಶಕ್ತಿ ಪ್ರಾಣಿಗೆ ಬೇಕು. ಮೇಲೆ ಹೇಳಿದ ಆಫ್ರಿಕದ ಇಲಿಯು ಪ್ರಾಣವಾಯುವೇ ಇಲ್ಲದೆ ೧೮ ನಿಮಿಷಗಳವರೆಗೆ ಇದ್ದು ಪುನಃ ಚೇತರಿಸಿಕೊಂಡಿತೆಂದು ೨೦೧೭ರಲ್ಲಿ ಪ್ರಕಟವಾದ ಪ್ರಯೋಗಗಳಿಂದ ತಿಳಿದುಬಂದಿದೆ.

ನಾಲ್ಕನೆಯದು ಆಹಾರ. ಪ್ರಾಣಿಯು ಹುಳುಗಳನ್ನೋ ಬೇರುಗೆಡ್ಡೆಗಳನ್ನೋ ನೆಲದೊಳಗೇ ಹುಡುಕಬೇಕು. ಇಲ್ಲವೇ ರಾತ್ರಿ ಹೊರಬಂದು ಆಹಾರವನ್ನು ಒಳಕ್ಕೆ ಸಾಗಿಸಬೇಕು. ಎರಡನೆಯ ಮಾರ್ಗವನ್ನು ಹಿಡಿದ ಪ್ರಾಣಿಗೆ ಉಗ್ರಾಣ ಅವಶ್ಯ. ಮೊಳದಷ್ಟು ಆಳದಲ್ಲಿ ಹಗಲಿನ ಬಿಸಿಲೂ ರಾತ್ರಿಯ ಚಳಿಯೂ ಅಷ್ಟಾಗಿ ತಟ್ಟುವುದಿಲ್ಲವಾದ್ದರಿಂದ ಅಂಥ ಉಗ್ರಾಣಕ್ಕೆ ಅದೇ ತಕ್ಕ ಸ್ಥಳ.

೨. ಹೊಲದ ಹೆಗ್ಗಣ

ಹೀಗೆ ಕಲ್ಪಿಸಿದ ಪ್ರಾಣಿಯು ನಮ್ಮ ಬದುಗಳಲ್ಲಿಯೇ ವಾಸವಾಗಿದೆ. ಗದ್ದೆಯಲ್ಲಿಯೂ ಕಬ್ಬಿನ ತೋಟದಲ್ಲಿಯೂ ಕಾಣುವ ಹೆಗ್ಗಣವು ಉರುಟಾದ ಮೈಯುಳ್ಳದ್ದು. ಬಲವಾದ ಬಾಚಿಹಲ್ಲುಗಳೂ ಉಗುರುಗಳೂ ಇದರ ಗುದ್ದಲಿಗಳು. ಇದರ ಬಿಲಕ್ಕೆ ಹಲವು ಬಾಯಿಗಳಿರುತ್ತವೆ. ಒಳಗಿರುವಾಗ ಬಾಗಿಲನ್ನು ಮಣ್ಣಿನಿಂದ ಮುಚ್ಚಿಕೊಳ್ಳುವುದು ಇದರ ಪದ್ಧತಿ. ಒಳಗೆ ಮರಿಗಳಿಗೊಂದು ಗೂಡೂ, ತೆನೆಗಳನ್ನು ಶೇಖರಿಸುವ ಕೋಣೆಗಳೂ ಉಂಟು. ಇದು ತಿನ್ನುವುದರ ಜೊತೆಗೆ ಕೂಡಿಡುವುದರಿಂದಲೇ ನಷ್ಟವು ಅದರ ಹೊಟ್ಟೆಯ ಅಳತೆಯನ್ನು ಮೀರುತ್ತದೆ. ಬದುವು ಟೊಳ್ಳಾಗಿ ಗದ್ದೆಯ ನೀರು ಸೋರಿಹೋಗುವುದು ಮತ್ತೊಂದು ಹಾನಿ.

ಇದರ ಗರ್ಭದ ಅವಧಿಯು ಸುಮಾರು ೨೩ ದಿವಸ. ಒಂದು ಸೂಲಿಗೆ ಆರೇ ಮರಿಗಳೆಂದೂ, ಅವುಗಳಲ್ಲಿ ಅರ್ಧ ಹೆಣ್ಣೆಂದೂ, ಒಂದೂ ಸಾಯದೆ ಎಲ್ಲ ಹೆಣ್ಣುಗಳೂ ನಾಲ್ಕು ತಿಂಗಳಿಗೊಮ್ಮೆ ಮರಿಹಾಕುವುವೆಂದೂ ಲೆಕ್ಕ ಹಾಕೋಣ. ಒಂದು ಜೊತೆಯು ಮೊದಲ ಸೂಲಿಗೆ ೮ ಆಗುವುದು. ನಾಲ್ಕು ತಿಂಗಳ ತರುವಾಯ ೩೨. ಎಂಟು ತಿಂಗಳ ತರುವಾಯ ೧೨೮. ಹಾವು, ಗೂಬೆ, ರೋಗ, ಹಸಿವುಗಳಿಂದ ಹಲವು ಸಾಯುವುದು ನಿಜ. ಆದರೂ ಮಳೆಗೆ ಮುಂಚೆ ಕೊಂದ ಒಂದು ಜೊತೆಯು ಕೊಯ್ಲಿನ ಕಾಲದಲ್ಲಿ ಕೊಂದ ಎಷ್ಟೋ ಜೊತೆಗಳಿಗೆ ಸಮನೆಂಬುದು ಇದರಿಂದ ಸ್ಪಷ್ಟವಾಗುವುದು.

೩. ಗ್ರಾಮಸ್ಥರು ಮಾಡತಕ್ಕ ಕೆಲಸ

(ಅ) ಬೇಸಗೆಯಲ್ಲಿ ಪೈರಿಲ್ಲದೆ ಆಹಾರವು ಕಡಿಮೆಯಾಗಿರುವಾಗ ಕೆಲಸವನ್ನು ಆರಂಭಿಸತಕ್ಕದ್ದು. ಬದುಗಳನ್ನು ಕೆತ್ತಿ ಸಣ್ಣದಾಗಿಸಿ, ಕಳೆಯನ್ನು ತೆಗೆದುಹಾಕಬೇಕು. ದಪ್ಪ ಬದುವು ಹೆಗ್ಗಣಕ್ಕೆ ಕಟ್ಟಿಕೊಟ್ಟ ಮನೆಯಂತಿರುವುದು.

(ಆ) ಒಂದು ಸಂಜೆ ಎಲ್ಲ ಬಿಲಗಳ ಬಾಯಿಗಳನ್ನೂ ಮಣ್ಣಿನಿಂದ ಮುಚ್ಚಿ, ಮರುದಿನ ಬೆಳಗ್ಗೆ ನೋಡಬೇಕು. ಪುನಃ ತೆರೆದಿರುವ ಬಿಲಗಳು ಮಾತ್ರ ವಾಸದ ಬಿಲಗಳು. ಇದರಿಂದ ವಿಷವೂ ಶ್ರಮವೂ ಉಳಿಯುವುವು.

(ಇ) ಹೆಗ್ಗಣವು ಹೊಸ ಆಹಾರವನ್ನು ಶಂಕಿಸುವುದು. ಆದುದರಿಂದ ಎರಡು ಮೂರು ದಿವಸ ವಿಷವಿಲ್ಲದ ಕಾಳನ್ನು ಎಣ್ಣೆ ಸವರಿ ಇಟ್ಟು ರೂಢಿ ಮಾಡಿಸಬೇಕು. ಅನಂತರ ೪೮ ಭಾಗ ನುಚ್ಚು ಅಥವಾ ಜೋಳ, ಒಂದು ಭಾಗ ಅಡಿಗೆಯ ಎಣ್ಣೆ, ಒಂದು ಭಾಗ ಜಿಂಕ್ ಫಾಸ್ಫೈಡನ್ನು ಕೋಲಿನಿಂದ ಬೆರೆಸಿ, ಬಿಲದ ಒಳಗೆ ಇಟ್ಟು ಮುಚ್ಚತಕ್ಕದ್ದು. ಇದು ಹೊಟ್ಟೆಯ ಆಮ್ಲದೊಡನೆ ಸೇರಿ ವಿಷವಾಯುವನ್ನು ಹೊರಡಿಸುವುದು; ಮನುಷ್ಯರಿಗೂ ದನಕರುಗಳಿಗೂ ಹಾಗೆಯೇ ಮಾರಕ. ಬರಿಗೈಯಿಂದ ಮುಟ್ಟಕೂಡದು, ಮಕ್ಕಳನ್ನೂ ನಾಯಿ ಕೋಳಿಗಳನ್ನೂ ದೂರವಿರಿಸಬೇಕು, ಸತ್ತ ಹೆಗ್ಗಣಗಳನ್ನು ಹೂಳಬೇಕು. ಕೃಷಿ ಅಧಿಕಾರಿಗಳ ಸಲಹೆಯನ್ನು ಪಡೆದೇ ಈ ಕೆಲಸಕ್ಕೆ ಕೈಹಾಕುವುದು ಕ್ಷೇಮ. ತಿಂದು ಬದುಕಿಕೊಂಡ ಹೆಗ್ಗಣವು ಅದೇ ವಿಷವನ್ನು ಬಹಳ ಕಾಲ ಮುಟ್ಟದಾದ್ದರಿಂದ ಒಡನೆಯೇ ಎರಡನೆಯ ಬಾರಿ ಇಡುವುದು ವ್ಯರ್ಥ.

(ಈ) ಬಿಲವನ್ನು ಅಗೆಯುವವರು ಬರಿಗಾಲಿನಲ್ಲಿ ಒದ್ದೆ ಮಣ್ಣಿಗೆ ಇಳಿಯಬಾರದು. ಹೆಗ್ಗಣದ ಮೂತ್ರದಿಂದ ಇಲಿಜ್ವರವು ಗಾಯಗಳ ಮೂಲಕ ತಗಲುವುದು. ಅಂಥ ಬಿಲಗಳಲ್ಲಿ ನಾಗರಹಾವೂ ಇರಬಹುದು.

(ಉ) ಕೇರೆಹಾವನ್ನೂ ಗೂಬೆಯನ್ನೂ ಕೊಲ್ಲಬಾರದು. ಗೂಬೆಗಳು ಕುಳಿತು ಬೇಟೆಯಾಡಲು ಹೊಲದಲ್ಲಿ ಅಲ್ಲಲ್ಲಿ ಎತ್ತರದ ಕವೆಗೋಲುಗಳನ್ನು ನೆಡುವುದು ಸುಲಭವಾದ ಉಪಾಯ. ವಿಷವಿಟ್ಟ ದಿವಸಗಳಲ್ಲಿ ಮಾತ್ರ ಇವನ್ನು ತೆಗೆದಿಡಬೇಕು.

೪. ಮುಖಂಡರ ಹೊಣೆ

ಹೆಗ್ಗಣಕ್ಕೆ ಸರ್ವೆ ಕಲ್ಲಿನ ಪರಿಚಯವಿಲ್ಲ. ಒಬ್ಬ ರೈತನು ತನ್ನ ಹೊಲವನ್ನು ಶುದ್ಧಮಾಡಿ ನೆರೆಯವನು ಸುಮ್ಮನಿದ್ದರೆ, ಬರಿದಾದ ಬಿಲಗಳಿಗೆ ಸ್ವಲ್ಪ ಕಾಲದಲ್ಲಿಯೇ ಹೊಸ ಒಕ್ಕಲು ಬಂದು ಸೇರುವುದು. ಚಿಕ್ಕ ಹಿಡುವಳಿಯ ರೈತನು ಒಬ್ಬನೇ ಮಾಡಿದ ಖರ್ಚು ಹೀಗೆ ಮಣ್ಣುಪಾಲಾಗುವುದು. ಆದುದರಿಂದ ಗ್ರಾಮದ ಮುಖಂಡರು ಒಂದು ವಾರವನ್ನು ಗೊತ್ತುಮಾಡಿ, ದೊಡ್ಡ ಜಮೀನುದಾರರೂ ಚಿಕ್ಕ ರೈತರೂ ಅದೇ ದಿವಸಗಳಲ್ಲಿ ಕೆಲಸ ಮಾಡುವಂತೆ ಏರ್ಪಡಿಸಬೇಕು. ಕೆರೆಯ ಏರಿ, ಕಾಲುವೆಯ ದಡ, ಗೋಮಾಳಗಳಂಥ ಒಡೆಯರಿಲ್ಲದ ಸ್ಥಳಗಳನ್ನು ಊರೇ ವಹಿಸಿಕೊಳ್ಳಬೇಕು. ಹೆಗ್ಗಣದ ಉಗ್ರಾಣ ತುಂಬುವುದಕ್ಕೆ ಮುಂಚೆ ಊರು ಒಂದಾದರೆ, ಬೆಳೆದವನ ಕಣಜಕ್ಕೆ ಅವನ ಬೆಳೆ ಬಂದು ಸೇರುವುದು.