ರ‍್ಯಾಲಿ ಮಾರ್ಷಲ್: ಮೊದಲ ಪಾಠ

ಚಿಕ್ಕಮಗಳೂರಿನ ಕಾಫಿ ತೋಟಗಳ ರಸ್ತೆಯಲ್ಲಿ ಕಾರ್ ರ‍್ಯಾಲಿ ನಡೆಯುವಾಗ ಮಾರ್ಷಲ್ ಆಗಿ ನಿಲ್ಲೋಕೆ ವೇಗವಾಗಿ ಗಾಡಿ ಓಡಿಸೋದು ಬರಬೇಕಿಲ್ಲ. ಎಲ್ಲಿ ನಿಲ್ಲಬೇಕು ಅನ್ನೋದು ಗೊತ್ತಿರಬೇಕು.

ತಿರುವಿನಲ್ಲಿ ಹಿಡಿತ ತಪ್ಪಿದ ಕಾರು ಜಡತ್ವದಿಂದ ಹೊರಮಗ್ಗುಲಿಗೆ ನುಗ್ಗುತ್ತೆ. ಅಲ್ಲಿ ನೀವೂ ನಿಲ್ಲಬಾರದು, ನೋಡೋಕೆ ಬಂದವರನ್ನೂ ಬಿಡಬಾರದು. ಕಾರುಗಳು ಸಾಮಾನ್ಯವಾಗಿ 1–2 ನಿಮಿಷದ ಅಂತರದಲ್ಲಿ ಹೊರಡುತ್ತವೆ. ಒಂದು ಹೋಯ್ತು ಅಂತ ರಸ್ತೆಗೆ ಬೆನ್ನು ಹಾಕಬೇಡಿ. ಇಂಜಿನ್ ಸದ್ದು ಕೇಳಿದ ಕೂಡಲೇ ಸೀಟಿ ಊದಿ.

ಕಾರು ಮಗುಚಿದರೆ ಕಣ್ಣುಮುಚ್ಚಿ ಓಡಬೇಡಿ. ಹಿಂದೆ ಇನ್ನೊಂದು ಬರ್ತಾ ಇರುತ್ತೆ. ಮೊದಲು ಬರುವವರಿಗೆ ಎಚ್ಚರಿಕೆ, ಜೊತೆಗೇ ರೇಡಿಯೋದಲ್ಲಿ ಕಾರಿನ ನಂಬರು, ಜಾಗ ತಿಳಿಸಿ. ಒಳಗಿದ್ದವರು ತೋರಿಸುವ ಬೋರ್ಡು ನೋಡಿ: ಹಸಿರು ‘ಓಕೆ’ ಅಂದ್ರೆ ಕ್ಷೇಮ, ಕೆಂಪು ‘ಎಸ್‌ಒಎಸ್’ ಅಂದ್ರೆ ಡಾಕ್ಟರು ಬೇಕು.

ಯಾವ ಬೋರ್ಡೂ ಕಾಣದಿದ್ದರೆ? ಅದನ್ನೂ ಕೆಂಪು ಅಂತಲೇ ತಿಳಿಯಿರಿ. ಪೆಟ್ಟಾದವರು ಬೋರ್ಡು ಹಿಡಿಯೋ ಸ್ಥಿತಿಯಲ್ಲಿ ಇಲ್ಲದೇ ಇರಬಹುದು.